ಗೋಡೆ ನೆಕ್ಕಿದ ದನ, ಮಣ್ಣು ತಿಂದ ತಂಗಿ

ಮಕ್ಕಳೇ, ಕಳೆದ ವಾರ ರೇಷ್ಮೆಹುಳದ ಸಂಗತಿ ಹೇಳಿದ್ದೆ. ಈ ವಾರವೂ ಹುಳದ ಕತೆಯೇ. ಆದರೆ ಈ ಹುಳ ನೂಲು ಕೊಡುವುದಿಲ್ಲ, ನಮ್ಮಿಂದಲೇ ಕಸಿದುಕೊಳ್ಳುತ್ತದೆ. ಊಟ ಮಾಡುತ್ತಾ ಓದುತ್ತಿದ್ದರೆ ಪತ್ರಿಕೆ ಮಡಚಿಡಿ, ಕೈ ತೊಳೆದು ಬಂದು ಓದಿ. ಅಜ್ಜ ಅಜ್ಜಿಯರೂ ಹತ್ತಿರ ಕುಳಿತುಕೊಳ್ಳಲಿ. ಇದರಲ್ಲಿ ಅವರ ಪಾಲೂ ಇದೆ, ನನ್ನ ತಪ್ಪೂ ಇದೆ.

ಕಳೆದ ವರ್ಷ ಚೌತಿ ಕಳೆದ ಮೇಲೆ ಬಂಟ್ವಾಳದಿಂದ ಸಿದ್ದಕಟ್ಟೆ ಬಸ್ಸು ಹಿಡಿದು ಮೂಡುಬಿದಿರೆಯ ಮಗಳ ಮನೆಗೆ ಹೋಗಿದ್ದೆ. ಪುಳ್ಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಬಸ್ಸಿನ ಸದ್ದು ಕೇಳಿದರೆ ಗೇಟಿನ ತನಕ ಓಡಿ ಬರುತ್ತಿದ್ದವಳು ಆ ದಿನ ಜಗಲಿಯಲ್ಲಿ ಕುಳಿತಲ್ಲಿಂದಲೇ "ಅಜ್ಜ ಬಂದ್ರು" ಎಂದಳು. ಮುಖ ಬಿಳುಚಿತ್ತು. "ಓದಲಿಕ್ಕೆ ಉದಾಸೀನ, ಆಡಲಿಕ್ಕೂ ಉದಾಸೀನ" ಎಂದು ಮಗಳು ದೂರಿದಳು.

ಸಂಜೆ ಸಣ್ಣ ಮಳೆ ಬಂದು ಬಿಟ್ಟಿತು. ಹಿತ್ತಿಲಿಗೆ ಹೋದರೆ ಹುಡುಗಿ ಮುರಕಲ್ಲಿನ ಪಾಗಾರದ ಹತ್ತಿರ ಬೆನ್ನು ಹಾಕಿ ನಿಂತಿದ್ದಾಳೆ. ಕಲ್ಲಿನ ಸಂದಿಯಲ್ಲಿ ಬೆರಳು ಹೋಗುವಷ್ಟು ಕುಳಿ. ತುಟಿಯ ಅಂಚಿನಲ್ಲಿ ಕೆಂಪು ಮಣ್ಣು. ನನ್ನನ್ನು ಕಂಡದ್ದೇ ಕಣ್ಣು ತುಂಬಿಕೊಂಡು, "ಅಜ್ಜ, ಅಮ್ಮನ ಹತ್ರ ಹೇಳ್ಬೇಡಿ" ಎಂದಳು.

ಆ ಮಾತು ಕೇಳಿ ನನ್ನ ಕಾಲು ಅಲ್ಲಿಯೇ ನಿಂತುಬಿಟ್ಟಿತು. ಯಾಕೆಂದರೆ ಅದೇ ಮಾತನ್ನು ಅರುವತ್ತು ವರ್ಷಗಳ ಹಿಂದೆ ಒಮ್ಮೆ ಕೇಳಿದ್ದೆ.

ಆಗ ನಮ್ಮ ಮನೆ ಬೆಳ್ತಂಗಡಿಯ ಕಡೆ. ಮನೆಯ ಸುತ್ತ ಅಡಿಕೆ ತೋಟ, ಬದಿಯಲ್ಲಿ ತೋಡು, ಹಿಂದೆ ದನದ ಹಟ್ಟಿ. ಚಪ್ಪಲಿ ಎಂಬುದು ಪೇಟೆಗೆ ಹೋಗುವ ಅಪ್ಪನಿಗೆ ಮಾತ್ರ ಇತ್ತು. ನನಗೆ ಹತ್ತು ವರ್ಷ, ತಂಗಿಗೆ ಏಳು. ಮಳೆ ಬಂದು ಹಟ್ಟಿಯ ಮಣ್ಣಿನ ಗೋಡೆ ಒದ್ದೆಯಾದರೆ ಅವಳು ಅದನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದಳು. "ಅಣ್ಣ, ಅಮ್ಮನ ಹತ್ರ ಹೇಳ್ಬೇಡ" ಎಂದಿದ್ದಳು. ನಾನು ಓಡಿಹೋಗಿ ಹೇಳಿದೆ. ಅಮ್ಮ ನೆಕ್ಕಿ ಗಿಡದ ಅಡರು ಮುರಿದು ತಂದು ಅವಳ ಕಾಲಿಗೆ ಬಾರಿಸಿದರು. ಬೆರಳುಗಳಿಗೆ ಹಾಗಲಕಾಯಿ ರಸ ಹಚ್ಚಿದರು. ಚಾಡಿ ಹೇಳಿದ ನನಗೆ ಒಂದು ತುಂಡು ಬೆಲ್ಲ ಸಿಕ್ಕಿತು.

ಅದೇ ಮಳೆಗಾಲದಲ್ಲಿ ನಮ್ಮ ಕೆಂಪಿ ದನವೂ ಅದೇ ಗೋಡೆಯನ್ನು ನೆಕ್ಕಲು ಶುರು ಮಾಡಿತು. ಅಪ್ಪ ನೋಡಿ, "ಪಾಪ, ಅದಕ್ಕೆ ಉಪ್ಪು ಸಾಲುವುದಿಲ್ಲ" ಎಂದು ಅಕ್ಕಚ್ಚಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿಸಿದರು. ದನ ಗೋಡೆ ನೆಕ್ಕಿದರೆ ಮೈಯಲ್ಲಿ ಏನೋ ಕಡಿಮೆಯಾಗಿದೆ ಎಂದು ನಮಗೆ ಗೊತ್ತಿತ್ತು. ಮಗು ಮಣ್ಣು ತಿಂದರೆ ಅದು ಚಟ ಎಂದೆವು. ದನಕ್ಕೆ ಉಪ್ಪು, ತಂಗಿಗೆ ಪೆಟ್ಟು.

ಈ ಬಾರಿ ನಾನು ಚಾಡಿ ಹೇಳಲಿಲ್ಲ. ಮಗಳನ್ನು ಕರೆದು ಕುಳ್ಳಿರಿಸಿ, "ಬೈಯುವುದು ಬೇಡ, ನಾಳೆ ಆಸ್ಪತ್ರೆಗೆ ಹೋಗುವ" ಎಂದೆ.

ಡಾಕ್ಟರಮ್ಮ ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ನೋಡಿದರು. ಒಳಗೆ ದಾಸವಾಳದ ಹಾಗೆ ಕೆಂಪಿರಬೇಕಾದದ್ದು ಸುಣ್ಣ ಬಳಿದ ಹಾಗಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2. ಆ ಪ್ರಾಯದ ಮಕ್ಕಳಿಗೆ 11.5ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮಲ ಪರೀಕ್ಷೆಯಲ್ಲಿ ಎರಡು ಬಗೆಯ ಹುಳುಗಳ ಮೊಟ್ಟೆ ಕಂಡಿತು, ಕೊಕ್ಕೆಹುಳು ಮತ್ತು ದುಂಡುಹುಳು.

"ತೋಟಕ್ಕೆ ಹೋಗುವಾಗ ಚಪ್ಪಲಿ ಹಾಕ್ತೀಯಾ ಮಗಾ?" ಎಂದು ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. "ಶಾಲೆಯಲ್ಲಿ ಹುಳದ ಮಾತ್ರೆ ಕೊಟ್ಟಾಗ ತಿಂದಿದ್ಯಾ?" ಅವಳು ನನ್ನ ಮುಖ ನೋಡಿದಳು.

ಇಲ್ಲಿದೆ ನೋಡಿ ನನ್ನ ಎರಡನೇ ತಪ್ಪು. ಆಗಸ್ಟಿನಲ್ಲಿ ಶಾಲೆಯಿಂದ ಚೀಟಿ ಬಂದಾಗ ಮಗಳು ಫೋನು ಮಾಡಿ ಕೇಳಿದ್ದಳು. "ಬೇಡ ಬಿಡು, ಹೊಟ್ಟೆನೋವು ಬಂದರೆ ಯಾರು ನೋಡುವುದು? ಆ ದಿನ ರಜೆ ಮಾಡಿಸು" ಎಂದವನು ನಾನೇ.

ಹಿಂದೆ ಬರುವಾಗ ಬಸ್ಸಿನಲ್ಲಿ ಹುಡುಗಿ ಪ್ರಶ್ನೆ ಹಾಕಲು ಶುರು ಮಾಡಿದಳು. "ಅಜ್ಜ, ಹುಳ ಕಾಲಿನಿಂದ ಹೊಟ್ಟೆಗೆ ಹೇಗೆ ಹೋಯ್ತು?"

ಅದನ್ನು ಕಂಡುಹಿಡಿದದ್ದು ಒಂದು ಅಚಾತುರ್ಯದಿಂದ ಮಕ್ಕಳೇ. 19ನೇ ಶತಮಾನದ ಕೊನೆಗೆ ಈಜಿಪ್ಟಿನ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಕೊಕ್ಕೆಹುಳುವಿನ ಮರಿಗಳಿದ್ದ ನೀರನ್ನು ಪ್ರಯೋಗದ ಪ್ರಾಣಿಗಳಿಗೆ ಕೊಡುತ್ತಿದ್ದರು. ಒಂದು ಹನಿ ಅವರ ಕೈಮೇಲೆ ಬಿತ್ತು. ಬಿದ್ದ ಜಾಗ ಕೆಂಪಾಗಿ ತುರಿಸಿತು. ಕೆಲವು ವಾರಗಳ ಬಳಿಕ ಅವರ ಮಲದಲ್ಲಿಯೇ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಬಾಯಿಯಿಂದ ಮಾತ್ರ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದ ಹುಳ ಚರ್ಮವನ್ನೇ ತೂರಿ ಹೋಗಿತ್ತು!

ಅದರ ದಾರಿ ಕೇಳಿದರೆ ಆಶ್ಚರ್ಯವಾಗುತ್ತದೆ. ಬಯಲಲ್ಲಿ ಮಲವಿಸರ್ಜನೆ ಮಾಡಿದಾಗ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ನೆರಳು, ತೇವ, ಬೆಚ್ಚನೆಯ ಮಣ್ಣು, ಇವು ಮೂರೂ ಇದ್ದರೆ ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ನಮ್ಮ ಊರಿನ ತೋಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ಸುಮಾರು ಒಂದು ವಾರದಲ್ಲಿ ಮರಿ ಕಾಲಿಗಾಗಿ ಕಾದು ನಿಲ್ಲುತ್ತದೆ. ಬರಿಗಾಲು ಸಿಕ್ಕಿದರೆ ಚರ್ಮದೊಳಗೆ ನುಗ್ಗಿ, ರಕ್ತದಲ್ಲಿ ತೇಲಿ, ಹೃದಯ ದಾಟಿ ಶ್ವಾಸಕೋಶಕ್ಕೆ ಬರುತ್ತದೆ. ಅಲ್ಲಿಂದ ಉಸಿರಿನ ನಾಳದಲ್ಲಿ ಮೇಲೇರಿ ಗಂಟಲಿಗೆ. ನಾವು ಉಗುಳು ನುಂಗುವಾಗ ಅದನ್ನೂ ನುಂಗುತ್ತೇವೆ. ಕೊನೆಗೆ ಸಣ್ಣಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತಾ ಉಳಿಯುತ್ತದೆ.

ಒಂದು ಹುಳು ದಿನಕ್ಕೆ ಎಷ್ಟು ರಕ್ತ ಕಳೆಯುತ್ತದೆ? ಜಾತಿಗೆ ತಕ್ಕಂತೆ 0.03ರಿಂದ 0.2 ಮಿಲಿಲೀಟರ್. ಇಷ್ಟೇನಾ ಎನ್ನಬೇಡಿ. ಪೆನ್ಸಿಲು ತೆಗೆದುಕೊಂಡು ಲೆಕ್ಕ ಮಾಡಿ. ಹುಳುಗಳು 40, ಒಂದೊಂದು 0.1 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ದಿನಕ್ಕೆ 4, ತಿಂಗಳಿಗೆ 120 ಮಿಲಿಲೀಟರ್. ಒಂದು ಸಣ್ಣ ಲೋಟ ತುಂಬಿತು. ಆ ರಕ್ತದ ಜೊತೆ ಕಬ್ಬಿಣದ ಅಂಶವೂ ಹೋಯಿತು. ಉದಾಸೀನ ಎಂದು ನಾವು ಬೈದದ್ದು ಈ ಖಾಲಿಯಾದ ಲೋಟವನ್ನು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಪ್ರಶ್ನೆ ಕೇಳಿದಳು. "ಪಕ್ಕದ ಮನೆಯವರೂ ಬರಿಗಾಲಲ್ಲೇ ತೋಟಕ್ಕೆ ಬರ್ತಾರಲ್ಲ ಅಜ್ಜ. ಅವರಿಗೆ ಹೀಗೆ ಆಗ್ಲಿಲ್ಲ. ನನಗೇ ಯಾಕೆ?"

ಒಳ್ಳೆಯ ಪ್ರಶ್ನೆ. ಅವರಿಗೆ ಹುಳ ಇಲ್ಲವೇ ಇಲ್ಲ ಎಂದು ಪರೀಕ್ಷೆ ಮಾಡದೆ ಹೇಳಲಾಗದು. ಆದರೆ ಒಂದೇ ತೋಟದಲ್ಲಿ ನಡೆದರೂ ಒಬ್ಬರ ಹೊಟ್ಟೆಯಲ್ಲಿ ಹುಳ ಕಡಿಮೆ, ಇನ್ನೊಬ್ಬರ ಹೊಟ್ಟೆಯಲ್ಲಿ ಜಾಸ್ತಿ ಇರುವುದುಂಟು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ನಮ್ಮ ಮೈಯ ಕಾವಲುಗಾರರಿಗೆ ಸರಿಯಾದ ಊಟ ಸಿಕ್ಕಿದೆಯೇ ಎಂಬುದು.

ರೋಗಾಣು ಬಂದರೆ ರಕ್ತದ ಬಿಳಿಕಣಗಳು ಅದನ್ನು ನುಂಗಿಬಿಡುತ್ತವೆ. ಆದರೆ ಹುಳುವನ್ನು ನುಂಗುವುದು ಹೇಗೆ? ಇರುವೆ ಹೆಬ್ಬಾವನ್ನು ನುಂಗಿದ ಹಾಗಾದೀತು. ದುಂಡುಹುಳು ಒಂದು ಅಡಿಯಷ್ಟು ಉದ್ದ ಬೆಳೆಯುತ್ತದೆ. ಅದಕ್ಕಾಗಿ ದೇಹ ಬೇರೆ ಉಪಾಯ ಮಾಡುತ್ತದೆ. ಕರುಳು ಜಾಸ್ತಿ ಲೋಳೆ ಸುರಿಸುತ್ತದೆ, ನೀರು ಬಿಡುತ್ತದೆ, ಬೇಗ ಬೇಗ ಅಲುಗಾಡುತ್ತದೆ. ಅಂಗಳಕ್ಕೆ ನೀರು ಹೊಯ್ದು ಹಿಡಿಸೂಡಿಯಲ್ಲಿ ಗುಡಿಸಿದ ಹಾಗೆ! ಹುಳುವಿನ ಹಿಡಿತ ಸಡಿಲವಾಗಬೇಕು ಎಂಬುದು ಅದರ ಗುರಿ. ಹೀಗೆ ಮಾಡಿದರೂ ದೇಹ ಪೂರ್ತಿ ಗೆಲ್ಲುವುದಿಲ್ಲ. ಆದರೆ ಹುಳುಗಳ ಸಂಖ್ಯೆಗೆ ಒಂದು ಕಡಿವಾಣ ಬೀಳುತ್ತದೆ.

ಗುಡಿಸಿ ಎಂದು ಅಪ್ಪಣೆ ಕೊಡುವವು ಬಿಳಿಕಣಗಳಲ್ಲೇ ಒಂದು ಗುಂಪು. ಅವಕ್ಕೆ ಟಿ-ಕಣ ಎನ್ನುತ್ತಾರೆ. ಎದೆಯ ನಡುಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ, ಅದೇ ಇವುಗಳ ಶಾಲೆ. ಈ ಶಾಲೆ ನಡೆಯಲು ಸತು ಎಂಬ ಖನಿಜ ಬೇಕು. ಹೌದು, ಬಕೆಟ್ಟು ತುಕ್ಕು ಹಿಡಿಯದ ಹಾಗೆ ಬಳಿಯುತ್ತಾರಲ್ಲ, ಅದೇ ಸತು. ಆಹಾರದಲ್ಲಿ ಸತು ಕಡಿಮೆಯಾದರೆ ಥೈಮಸ್ ಕುಗ್ಗುತ್ತದೆ, ಟಿ-ಕಣಗಳು ಕಡಿಮೆಯಾಗುತ್ತವೆ. ಅಪ್ಪಣೆ ಕೊಡುವವರು ಇಲ್ಲದ ಮೇಲೆ ಗುಡಿಸುವವರು ಯಾರು? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸತು ಕಡಿಮೆಯಿರುವ ತಿಂಡಿ ತಿಂದ ಇಲಿಗಳ ಕರುಳಿನಲ್ಲಿ ಹುಳುಗಳು ಹೆಚ್ಚು ಕಾಲ, ಹೆಚ್ಚು ಸಂಖ್ಯೆಯಲ್ಲಿ ಉಳಿದವು. ಕಬ್ಬಿಣದ ಕೊರತೆಯೂ ಈ ಕಾವಲನ್ನು ದುರ್ಬಲಗೊಳಿಸುತ್ತದೆ.

ಇಷ್ಟಕ್ಕೂ ನಮಗೆ ಬೇಕಾದ ಕಬ್ಬಿಣ, ಸತು ಎಷ್ಟು? ಒಂದು ಅಕ್ಕಿಕಾಳು ತೂಗುವುದು ಸುಮಾರು 20 ಮಿಲಿಗ್ರಾಂ. ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಕಬ್ಬಿಣ ಅದಕ್ಕಿಂತಲೂ ಕಡಿಮೆ. ಸತು ಇನ್ನೂ ಕಡಿಮೆ. ಅಷ್ಟು ಚಿಕ್ಕದು ತಪ್ಪಿದರೂ ಮನೆ ಅಲುಗಾಡುತ್ತದೆ.

ಈಗ ಮಣ್ಣಿನ ಸಂಗತಿ. ಇದರ ಹಿಂದೆ ನಮ್ಮ ದೇಶದವರೇ ಆದ ಒಬ್ಬ ವೈದ್ಯರಿದ್ದಾರೆ. ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್ ನಗರಕ್ಕೆ ಹೋಗಿದ್ದರು. ಅಲ್ಲಿ ಅವರ ಮುಂದೆ ಒಬ್ಬ ರೋಗಿಯನ್ನು ತಂದು ನಿಲ್ಲಿಸಿದರು. ನೋಡಿದರೆ ಹತ್ತು ವರ್ಷದ ಹುಡುಗ, ಪ್ರಾಯ ಕೇಳಿದರೆ 21! ತಿನ್ನುತ್ತಿದ್ದದ್ದು ಹೆಚ್ಚಾಗಿ ರೊಟ್ಟಿ. ಅದರ ಜೊತೆ ದಿನಾ ಜೇಡಿಮಣ್ಣು. ರಕ್ತಹೀನತೆಗೆ ಕಬ್ಬಿಣ ಸಾಲದ್ದು ಕಾರಣ ಎನ್ನಬಹುದಿತ್ತು. ಬೆಳವಣಿಗೆಯೇ ನಿಂತದ್ದಕ್ಕೆ? ಮನುಷ್ಯರಿಗೂ ಸತುವಿನ ಕೊರತೆಯಾಗುತ್ತದೆ ಎಂದು ಆಗ ಯಾರೂ ನಂಬುತ್ತಿರಲಿಲ್ಲ. ಪ್ರಸಾದರಿಗೆ ಅದೇ ಸಂಶಯ ಬಂತು. ಮುಂದೆ ಈಜಿಪ್ಟಿಗೆ ಹೋದಾಗ ಅಲ್ಲಿಯೂ ಅಂಥದೇ ಕುಳ್ಳ ಹುಡುಗರು ಕಂಡರು. ಅವರು ಮಣ್ಣು ತಿನ್ನುತ್ತಿರಲಿಲ್ಲ, ಆದರೆ ಅವರ ಹೊಟ್ಟೆಯಲ್ಲಿ ಕೊಕ್ಕೆಹುಳು ಇತ್ತು. ರಕ್ತ ಪರೀಕ್ಷಿಸಿದರೆ ಸತು ಕಡಿಮೆ. ಸತು ಕೊಟ್ಟ ಮೇಲೆ ಆ ಹುಡುಗರು ಒಂದೇ ವರ್ಷದಲ್ಲಿ ಐದು ಇಂಚಿನಷ್ಟು ಬೆಳೆದರು.

ಈಗ ಎಲ್ಲವನ್ನೂ ಒಂದು ದಾರದಲ್ಲಿ ಪೋಣಿಸಿ. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ಕೆಲವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಎನಿಸುತ್ತದೆ. ಮಣ್ಣು ತಿಂದರೆ ಅದು ಊಟದಲ್ಲಿರುವ ಕಬ್ಬಿಣ, ಸತುವನ್ನೂ ಹಿಡಿದಿಟ್ಟುಕೊಂಡು ಹೊರಗೆ ಹೋಗುತ್ತದೆ. ಅದೇ ಮಣ್ಣಿನಲ್ಲಿ ದುಂಡುಹುಳು, ಚಾಟಿಹುಳುಗಳ ಮೊಟ್ಟೆ ಇರಬಹುದು. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಎರಡು ಲಕ್ಷ ಮೊಟ್ಟೆ ಇಡುತ್ತದೆ. ಹುಳ ಬಂದರೆ ಇರುವ ಸತ್ವವೂ ಹೋಗುತ್ತದೆ. ಸತ್ವ ಹೋದರೆ ಕಾವಲು ತೆಳುವಾಗುತ್ತದೆ, ಹುಳ ಇನ್ನೂ ಜಾಸ್ತಿಯಾಗುತ್ತದೆ. ಗಾಣದೆತ್ತು ಸುತ್ತಿದ ಹಾಗೆ ಸುತ್ತುತ್ತಲೇ ಇರುತ್ತದೆ. ನನ್ನ ತಂಗಿ ಸುತ್ತಿದ್ದು ಇದೇ ಗಾಣವನ್ನು. ಅದನ್ನು ಬೆತ್ತದಿಂದ ನಿಲ್ಲಿಸಲು ಸಾಧ್ಯವೇ?

ಅಜ್ಜಿಯರು ಈಗ ಒಂದು ಮಾತು ಕೇಳಿಯಾರು. "ನಮ್ಮಲ್ಲಿ ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿಯುತ್ತೇವಲ್ಲ, ಅದು ಸಾಲದೇ?" ನಾನೂ ಪ್ರತಿವರ್ಷ ಕುಡಿಯುತ್ತೇನೆ. ಬೆಳಗು ಹರಿಯುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆ, ಆ ಕಹಿ, ಅದರ ಮೇಲೆ ಮೆಂತೆ ಗಂಜಿ, ಎಲ್ಲವೂ ನನಗೆ ಪ್ರೀತಿಯೇ. ಆದರೆ ಎರಡು ಎಚ್ಚರಿಕೆ. ಒಂದು, ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ, ಜೀವಕ್ಕೇ ಅಪಾಯ. ಮರ ಗೊತ್ತಿರುವ ಹಿರಿಯರು ಇಲ್ಲದೆ ಹೋಗಲೇಬಾರದು. ಎರಡು, ಕಷಾಯ ಹಬ್ಬದ ಆಚರಣೆಯಾಗಿರಲಿ, ಮಾತ್ರೆಯ ಬದಲಿಗೆ ಅಲ್ಲ.

ಮಾತ್ರೆಯ ಹೆಸರು ಅಲ್ಬೆಂಡಜೋಲ್, 400 ಮಿಲಿಗ್ರಾಂ. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಬಿಟ್ಟಿಯಾಗಿ ಕೊಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಸಾಕು. ಚೆನ್ನಾಗಿ ಜಗಿದು ತಿನ್ನಬೇಕು. 2015ರಿಂದ ಫೆಬ್ರುವರಿ 10ನ್ನು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಎಂದು ನಡೆಸುತ್ತಾ ಬಂದಿದ್ದಾರೆ. ಆಗಸ್ಟಿನಲ್ಲಿ ಇನ್ನೊಂದು ಸುತ್ತು. ಹೊಟ್ಟೆಯಲ್ಲಿ ಹುಳ ತುಂಬಾ ಇದ್ದರೆ ಮಾತ್ರೆ ತಿಂದ ದಿನ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ಅದು ಇಳಿದುಹೋಗುತ್ತದೆ. ಮಗುವಿಗೆ ಜ್ವರವೋ ಬೇರೆ ಕಾಯಿಲೆಯೋ ಇದ್ದರೆ ಮೊದಲೇ ಹೇಳಿ. ನನ್ನ ಹಾಗೆ ಹೆದರಿ ರಜೆ ಮಾಡಿಸಬೇಡಿ.

ಆದರೆ ಮಾತ್ರೆ ಹೊಟ್ಟೆಯ ಹುಳವನ್ನು ಕೊಲ್ಲುತ್ತದೆ, ತೋಟದ ಮಣ್ಣಿನಲ್ಲಿರುವುದನ್ನಲ್ಲ. ಕಳೆದುಹೋದ ಕಬ್ಬಿಣವನ್ನೂ ಅದು ತಂದುಕೊಡುವುದಿಲ್ಲ. ಆದ್ದರಿಂದ ಡಾಕ್ಟರಮ್ಮ ಪುಳ್ಳಿಗೆ ಕಬ್ಬಿಣದ ಔಷಧಿ ಬರೆದು, "ಹಿಮೋಗ್ಲೋಬಿನ್ ಏರಿತೆಂದು ಅರ್ಧಕ್ಕೆ ಬಿಡಬೇಡಿ, ಉಗ್ರಾಣ ತುಂಬಬೇಕು" ಎಂದರು. ಮಲ ಕಪ್ಪಾಗುತ್ತದೆ, ಗಾಬರಿ ಬೇಡ ಎಂದೂ ಹೇಳಿದರು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಗುಲಾಬಿ ಮಾತ್ರೆ, ದೊಡ್ಡವರಿಗೆ ಕೊಡುವ ನೀಲಿ ಮಾತ್ರೆ, ಎರಡರಲ್ಲಿಯೂ ಇರುವುದು ಕಬ್ಬಿಣವೇ. ಅದನ್ನು ಕಿಟಕಿಯಿಂದ ಹೊರಗೆ ಎಸೆಯುವ ಜಾಣರು ಇದ್ದರೆ ಈಗಲೇ ಕಿವಿ ಹಿಡಿದುಕೊಳ್ಳಿ.

"ಸತುವಿನ ಮಾತ್ರೆಯೂ ತರಲಾ?" ಎಂದು ಮಗಳು ಕೇಳಿದಳು. "ನೀವಾಗಿ ಕೊಡಬೇಡಿ, ಮೊದಲು ತಟ್ಟೆ ಸರಿ ಮಾಡಿ" ಎಂದರು ಡಾಕ್ಟರಮ್ಮ. ಅದು ಸರಿಯೇ. ಮಕ್ಕಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಒಂದೇ ಖನಿಜ ಕೊಟ್ಟು ಹುಳವನ್ನು ತಡೆಯುವ ಪ್ರಯತ್ನ ಇಲಿಗಳಲ್ಲಿ ಕಂಡಷ್ಟು ನೇರವಾದ ಫಲ ಕೊಟ್ಟಿಲ್ಲ. ಒಂದೇ ಕಂಬದ ಮೇಲೆ ಮನೆ ನಿಲ್ಲುವುದಿಲ್ಲ. ಊಟ, ಮಾತ್ರೆ, ಚಪ್ಪಲಿ, ಕಕ್ಕಸು, ಸಾಬೂನು ಎಲ್ಲವೂ ಸೇರಬೇಕು.

ತಟ್ಟೆಯ ವಿಷಯಕ್ಕೆ ಬಂದರೆ ಪೇಟೆಯ ಡಬ್ಬಿ ಬೇಕಾಗಿಲ್ಲ. ಹುರುಳಿ ಸಾರು, ಮೊಳಕೆ ಬಂದ ಹೆಸರು, ಎಳ್ಳು, ನಮ್ಮೂರಿನ ಗೇರುಬೀಜ, ಮಳೆಗಾಲದ ತಜಂಕು. ತಿನ್ನುವವರಿಗೆ ಮೊಟ್ಟೆ, ಮೀನು, ಮರುವಾಯಿ. ಧಾನ್ಯ ಬೇಳೆಗಳಲ್ಲಿ ಫೈಟೇಟ್ ಎಂಬ ಅಂಶವಿದೆ, ಅದು ಕಬ್ಬಿಣ ಮತ್ತು ಸತುವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಶಿರಾಜ್‌ನ ಆ ಹುಡುಗನ ರೊಟ್ಟಿಯಲ್ಲಿದ್ದ ತೊಂದರೆಯೂ ಇದೇ. ನೆನೆಹಾಕಿದರೆ, ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ರಾತ್ರಿ ಹಿಟ್ಟು ಕಡೆದಿಟ್ಟು ಬೆಳಿಗ್ಗೆ ದೋಸೆ ಹೊಯ್ಯುವ ನಮ್ಮ ಅಜ್ಜಿಯರು ರಸಾಯನಶಾಸ್ತ್ರ ಓದದೆಯೇ ಅದನ್ನು ಮಾಡಿದರು. ದೋಸೆಗೆ ಹಳೆಯ ಕಬ್ಬಿಣದ ಕಾವಲಿಯೇ ಇರಲಿ. ಊಟದ ಜೊತೆ ಲಿಂಬೆ, ನೆಲ್ಲಿಕಾಯಿ, ಪೇರಳೆ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಾ ಕುಡಿದರೆ ಅದು ಅಡ್ಡ ನಿಲ್ಲುತ್ತದೆ. ಈ ಮಾತು ಮಕ್ಕಳಿಗಿಂತ ಹೆಚ್ಚಾಗಿ ಅಜ್ಜಂದಿರಿಗೆ, ನನಗೂ ಸೇರಿ.

ಡಿಸೆಂಬರಿನಲ್ಲಿ ಮತ್ತೆ ಮೂಡುಬಿದಿರೆಗೆ ಹೋದೆ. ಬಸ್ಸಿಳಿದು ನೋಡಿದರೆ ಹುಡುಗಿ ಗೇಟಿನ ಹತ್ತಿರ ನಿಂತಿದ್ದಾಳೆ, ಕಾಲಿನಲ್ಲಿ ಚಪ್ಪಲಿ. ಹಿಮೋಗ್ಲೋಬಿನ್ 11.6. "ಮಣ್ಣಿನ ಆಸೆ ಆಗ್ತದಾ?" ಎಂದು ಕಿವಿಯಲ್ಲಿ ಕೇಳಿದೆ. "ಮಳೆ ಬಂದ್ರೆ ವಾಸನೆ ಮಾತ್ರ ಚಂದ ಅಜ್ಜ, ತಿನ್ಲಿಕ್ಕೆ ಅಲ್ಲ" ಎಂದಳು. ಪಾಗಾರದ ಕುಳಿಯಲ್ಲಿ ಒಂದು ಜೇಡ ಬಲೆ ಕಟ್ಟಿತ್ತು.

ಮರುದಿನ ಊರಿಗೆ ಹಿಂದಿರುಗಲಿಲ್ಲ. ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋದೆ. ಪೇಟೆಯಲ್ಲಿ ಒಂದು ಅಚ್ಚು ಬೆಲ್ಲ ಕೊಂಡು ತಂಗಿಯ ಮನೆಗೆ ನಡೆದೆ. ಅವಳ ತಲೆಯೂ ಈಗ ಪೂರ್ತಿ ಬೆಳ್ಳಗಾಗಿದೆ. ಬೆಲ್ಲ ಅವಳ ಕೈಯಲ್ಲಿಟ್ಟು, ಅಡರಿನ ಪೆಟ್ಟಿನ ಸಂಗತಿ ಎತ್ತಿ, "ಚಾಡಿ ಹೇಳಿದ್ದು ನಾನು. ತಪ್ಪಾಯ್ತು ಮಾರಾಯ್ತಿ" ಎಂದೆ.

ಅವಳು ತುಂಬಾ ಹೊತ್ತು ಬೆಲ್ಲವನ್ನೇ ನೋಡಿದಳು. ಆಮೇಲೆ ನಕ್ಕಳು. "ಪೆಟ್ಟು ಎಂದೋ ಮರೆತುಹೋಗಿದೆ ಅಣ್ಣ. ಆ ದಿನ ನೀನು ಬೆಲ್ಲ ತಿನ್ನುತ್ತಾ ನನ್ನ ಎದುರೇ ನಿಂತಿದ್ದೆಯಲ್ಲ, ಅದು ಮಾತ್ರ ನೆನಪಿದೆ" ಎಂದು ಅಚ್ಚನ್ನು ಎರಡು ತುಂಡು ಮಾಡಿ ದೊಡ್ಡದನ್ನು ತಾನೇ ಇಟ್ಟುಕೊಂಡಳು.

ಮಕ್ಕಳೇ, ಈ ವಾರದ ಕೆಲಸ ಎರಡು. ಒಂದು, ಮನೆಯಲ್ಲಿ ತೋಟಕ್ಕೆ ಹೋಗುವವರು ಎಷ್ಟು ಮಂದಿ, ಬಾಗಿಲ ಹತ್ತಿರ ಇರುವ ಚಪ್ಪಲಿ ಎಷ್ಟು ಜೊತೆ, ಎಣಿಸಿ ನೋಡಿ. ಎರಡು, ನಿಮ್ಮ ತಮ್ಮನೋ ತಂಗಿಯೋ ಗೆಳತಿಯೋ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವುದು ಕಂಡರೆ ನಗಬೇಡಿ. ಮನೆಯ ದೊಡ್ಡವರಿಗೆ ಹೇಳಿ, ಆದರೆ ಚಾಡಿ ಹೇಳಿದ ಹಾಗೆ ಅಲ್ಲ. "ಬೈಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ" ಎಂದು ಹೇಳಿ.